ನೀವು ಯಾವ ಹೆಗ್ಡೆ?



ಕಳೆದ ಚಳಿಗಾಲದ ನಮ್ಮ ಪಿಕ್‌ನಿಕ್ಕಿನಲ್ಲಿ ನಡೆದ ಒಂದು ಸಣ್ಣ ಸಂಗತಿ ಈ ಲೇಖನಕ್ಕೆ ಕಾರಣ. ಊಟದ ಸಾಲಿನಲ್ಲಿ ನಿಂತಿದ್ದಾಗ, ಮಗಳ ಮನೆಗೆಂದು ಊರಿನಿಂದ ಬಂದಿದ್ದ ಹಿರಿಯರೊಬ್ಬರು ನಮ್ಮ ಸದಸ್ಯರೊಬ್ಬರ ಹನ್ನೆರಡು ವರ್ಷದ ಮಗನನ್ನು ಮಾತನಾಡಿಸಿ ಹೆಸರು ಕೇಳಿದರು. ಹುಡುಗ ತನ್ನ ಹೆಸರಿನ ಜೊತೆಗೆ 'ಹೆಗ್ಡೆ' ಎಂದೂ ಸೇರಿಸಿ ಹೇಳಿದ. "ಹೌದಾ ಮಗಾ? ಯಾವ ಹೆಗ್ಡೆ?" ಎಂದು ಮರುಪ್ರಶ್ನೆ ಬಂತು. ಕುವೈತಿನಲ್ಲೇ ಹುಟ್ಟಿ ಬೆಳೆದ ಹುಡುಗ ಒಂದು ಕ್ಷಣ ಯೋಚಿಸಿ, "ಮಂಗಾಫ್ ಹೆಗ್ಡೆ" ಎಂದುಬಿಟ್ಟ! ಸುತ್ತಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಹುಡುಗನ ಮುಖ ಮಾತ್ರ ಸಪ್ಪಗಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವನು ನನ್ನ ಬಳಿ ಬಂದು, "ಅಂಕಲ್, ನೀವೂ ಹೆಗ್ಡೆ ಅಲ್ವಾ? ಅದಕ್ಕೆ ಸರಿಯಾದ ಉತ್ತರ ಏನು?" ಎಂದು ಕೇಳಿದ.

ಹಿರಿಯರು ಕೇಳಿದ್ದು ಪ್ರೀತಿಯಿಂದಲೇ, ಅದರಲ್ಲಿ ಸಂಶಯವಿಲ್ಲ. ಆದರೆ "ಯಾವ ಹೆಗ್ಡೆ" ಎಂದರೆ ನಮ್ಮೂರಿನಲ್ಲಿ ಏನು ಅರ್ಥ ಎಂಬುದು ನಮಗೆಲ್ಲರಿಗೂ ಗೊತ್ತು. "ನಿಮ್ಮ ಜಾತಿ ಯಾವುದು" ಎಂದು ನೇರವಾಗಿ ಕೇಳಲು ಸಂಕೋಚವಾದಾಗ ನಾವು ಹೀಗೆ ಸುತ್ತು ಬಳಸಿ ಕೇಳುತ್ತೇವೆ. ಮಗುವಿಗೆ ಏನು ಹೇಳಬೇಕೆಂದು ನನಗೆ ಆಗ ತೋಚಲಿಲ್ಲ. ಆಮೇಲೆ ಓದಿ, ಕೇಳಿ, ಯೋಚಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದೇ ಪ್ರಶ್ನೆಯನ್ನು ನಾನು ಮೊದಲು ಎದುರಿಸಿದ್ದು ಬಹಳ ಕಷ್ಟದ ದಿನಗಳಲ್ಲಿ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿನೊಳಗೆ ನುಗ್ಗಿತು. ಮುಂದಿನ ಕೆಲವು ವಾರಗಳಲ್ಲಿ ಒಂದು ಲಕ್ಷದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಭಾರತೀಯರನ್ನು, ಹೆಚ್ಚಾಗಿ ಜೋರ್ಡಾನಿನ ಅಮ್ಮಾನ್ ಮೂಲಕ, ವಿಮಾನದಲ್ಲಿ ಊರಿಗೆ ಕರೆತರಲಾಯಿತು. ಆ ಲಕ್ಷಾಂತರ ಜನರಲ್ಲಿ ನಾನೂ ಒಬ್ಬ. ಬಸ್ಸಿನಲ್ಲಿ ಮರಳುಗಾಡು ದಾಟಿ, ಧೂಳು ಹೊತ್ತುಕೊಂಡು ಅಮ್ಮಾನ್ ತಲುಪಿದ್ದೆವು. ಅಲ್ಲಿ ಯಾರೋ ಕೈಯಿಂದ ಬರೆದ ಪಟ್ಟಿ ಹಿಡಿದು ಹೆಸರು ಕೂಗುತ್ತಿದ್ದರು. "ಎಸ್. ಹೆಜ್!" ಎಂದು ಕೂಗಿದಾಗ ಇಬ್ಬರು ಎದ್ದು ನಿಂತೆವು. ಇಂಗ್ಲಿಷಿನಲ್ಲಿ ಜಿ ಮತ್ತು ಡಿ ಅಕ್ಷರಗಳು ಅದಲುಬದಲಾಗಿ 'ಹೆಗ್ಡೆ' ಹೋಗಿ 'ಬೇಲಿ' ಎಂಬ ಅರ್ಥದ ಶಬ್ದವಾಗಿತ್ತು. ಅಷ್ಟೇ ಅಲ್ಲ, ಪಟ್ಟಿಯಲ್ಲಿ ಆ ಹೆಸರು ಎರಡು ಬಾರಿ ಇದ್ದುದರಿಂದ, ಒಬ್ಬನೇ ಎರಡು ಸಲ ಬರೆಸಿದ್ದಾನೆಂದು ತಿಳಿದು ಒಂದನ್ನು ಹೊಡೆದು ಹಾಕಿದ್ದರು. ಇದ್ದದ್ದು ಒಂದೇ ಸೀಟು!

ಆ ಇನ್ನೊಬ್ಬರು ನನ್ನತ್ತ ತಿರುಗಿ ಕನ್ನಡದಲ್ಲಿ, "ನೀವು ಯಾವ ಹೆಗಡೆ? ಸಿರಸಿ ಕಡೆಯವರಾ?" ಎಂದರು. "ಅಲ್ಲ, ಕಾರ್ಕಳ ಕಡೆ" ಎಂದೆ. ಅವರು ನಕ್ಕು, "ಹಾಗಾದರೆ ನಂಟಸ್ತಿಕೆ ಇಲ್ಲ. ಇರಲಿ, ನೀವು ಹೊರಡಿ, ನಾನು ನಾಳೆ ಬರುತ್ತೇನೆ" ಎಂದರು. ಪಾಸ್‌ಪೋರ್ಟ್ ಎರಡನ್ನೂ ತೋರಿಸಿದ ಮೇಲೆ ಕೊನೆಗೆ ಇಬ್ಬರಿಗೂ ಒಂದೇ ವಿಮಾನದಲ್ಲಿ ಜಾಗ ಸಿಕ್ಕಿತು ಎನ್ನಿ. ದಾರಿಯುದ್ದಕ್ಕೂ ಮಾತನಾಡಿದೆವು. ಅವರ ಮನೆಮಾತು ಹವ್ಯಕ ಕನ್ನಡ, ನನ್ನದು ತುಳು. ಅವರದು ಅಡಿಕೆ ತೋಟ, ಶುದ್ಧ ಸಸ್ಯಾಹಾರ. ನಮ್ಮಲ್ಲಿ ಮೀನಿಲ್ಲದಿದ್ದರೆ ಊಟವೇ ಅಲ್ಲ. ಮದುವೆಯ ಕ್ರಮ ಬೇರೆ, ಆಸ್ತಿಯ ಕ್ರಮ ಬೇರೆ. ಮತ್ತೆ ಹೆಸರು ಮಾತ್ರ ಒಂದೇ ಆದದ್ದು ಹೇಗೆ?

ಪೆರ್ಗಡೆಯ ಕಾಲ

ಹಳಗನ್ನಡದಲ್ಲಿ ಈ ಶಬ್ದ 'ಪೆರ್ಗಡೆ' ಎಂದಿತ್ತು. ಇದರ ಮೊದಲ ಭಾಗವಾದ 'ಪೆರ್' ಎಂದರೆ ದೊಡ್ಡದು, ಹಿರಿದು. ಕಾಲ ಕಳೆದಂತೆ ಕನ್ನಡದಲ್ಲಿ ಶಬ್ದದ ಮೊದಲ ಪಕಾರ ಹಕಾರವಾಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಹತ್ತನೆಯ ಶತಮಾನದ ಹೊತ್ತಿಗೆ ಶಾಸನಗಳಲ್ಲಿ ಕಾಣಿಸಿಕೊಂಡ ಈ ಬದಲಾವಣೆ ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಪೂರ್ತಿಯಾಯಿತು. ಹೀಗೆ ಪೆರ್ಗಡೆ ಹೆಗ್ಗಡೆಯಾದ. ಹೆಬ್ಬಾಗಿಲು, ಹೆಬ್ಬೆರಳು, ಹೆಬ್ಬಾವು, ಹೆಮ್ಮರ, ಹೆದ್ದಾರಿ ಇವೆಲ್ಲ ಅದೇ ಕುಟುಂಬದ ಶಬ್ದಗಳು. ಹೆಗ್ಗಣವೂ ಇದೇ ಕುಟುಂಬದ್ದೇ ಎಂದರೆ ನಮ್ಮ ಹೆಗ್ಡೆ ಬಂಧುಗಳು ಬೇಸರಿಸಬಾರದು!

ಬೆಂಗಳೂರು ವಿಮಾನ ನಿಲ್ದಾಣದಿಂದ ಊರೊಳಗೆ ಹೋಗುವಾಗ ನಾವೆಲ್ಲ ಹೆಬ್ಬಾಳ ದಾಟುತ್ತೇವಲ್ಲವೇ? 2018ರಲ್ಲಿ ಅದೇ ಹೆಬ್ಬಾಳದಲ್ಲಿ ಕ್ರಿ.ಶ. 750ರ ಸುಮಾರಿನ ಒಂದು ವೀರಗಲ್ಲು ಸಿಕ್ಕಿತು. ಅದರಲ್ಲಿ ಆ ಸೀಮೆಯ ಹೆಸರು 'ಪೆರ್ಬೊಳಲ್ ನಾಡು' ಎಂದಿದೆ. ಪೊಳಲ್ ಎಂದರೆ ಪಟ್ಟಣ. ಸಾವಿರದಿನ್ನೂರು ವರ್ಷಗಳ ಹಿಂದಿನ ಆ 'ದೊಡ್ಡ ಊರು' ಇಂದಿನ ಹೆಬ್ಬಾಳ.

ಹೀಗೆ ಜಾರಿದ್ದು ಕನ್ನಡದ ಪಕಾರ ಒಂದೇ ಅಲ್ಲ. ಸಂಸ್ಕೃತದಲ್ಲಿ 'ಪಿತೃ' ಎಂಬಲ್ಲಿ ಇಂಗ್ಲಿಷಿನವರು 'ಫಾದರ್' ಎನ್ನುತ್ತಾರೆ. ಅರಬ್ಬಿಯಲ್ಲೂ ಬಹಳ ಹಿಂದಿದ್ದ ಪಕಾರ ಫಕಾರವಾಗಿ ಹೋಯಿತು. ಇಲ್ಲಿಯವರು ಪೆಪ್ಸಿಯನ್ನು 'ಬೆಬ್ಸಿ' ಎನ್ನುವುದೂ, ನಮ್ಮ ಪೈಗಳನ್ನು 'ಬೈ' ಮಾಡುವುದೂ ಆ ಭಾಷೆಯಲ್ಲಿ ಪಕಾರವೇ ಇಲ್ಲದ್ದರಿಂದ. ತುಳುವಿನಲ್ಲಿ ಮಾತ್ರ ಹಳೆಯ ಪಕಾರ ಗಟ್ಟಿಯಾಗಿ ಉಳಿಯಿತು. ಕನ್ನಡದ ಹುಲಿ ತುಳುವಿನಲ್ಲಿ ಇಂದಿಗೂ 'ಪಿಲಿ'. ತುಳುನಾಡಿನಲ್ಲಿ 'ಪೆರ್ಗಡೆ' ಎಂಬ ರೂಪವೂ ಹಾಗೆಯೇ ಉಳಿದುಕೊಂಡಿದೆ.

ಈ ಪೆರ್ಗಡೆ ಮಾಡುತ್ತಿದ್ದುದೇನು? ಕಲ್ಯಾಣದ ಚಾಲುಕ್ಯರ ಮತ್ತು ಹೊಯ್ಸಳರ ಕಾಲದ ಶಾಸನಗಳಲ್ಲಿ ಈ ಪದವಿ ಮತ್ತೆ ಮತ್ತೆ ಬರುತ್ತದೆ. ಅರಮನೆಯ ಆಡಳಿತ ನೋಡಿಕೊಳ್ಳುವವನು 'ಮನೆವೆರ್ಗಡೆ'. ಸುಂಕದ ಮೇಲ್ವಿಚಾರಕ 'ಸುಂಕವೆರ್ಗಡೆ'. ಲೆಕ್ಕಪತ್ರದ ಇಲಾಖೆಯವನು 'ಶ್ರೀಕರಣದ ಹೆಗ್ಗಡೆ'. ಒಟ್ಟಿನಲ್ಲಿ ಇದೊಂದು ಹುದ್ದೆ. ಈಗಿನ ಭಾಷೆಯಲ್ಲಿ ಹೇಳುವುದಾದರೆ ಮೇಲಧಿಕಾರಿ, ಮುಖ್ಯ ಕಾರ್ಯನಿರ್ವಾಹಕ. ಆ ಕೆಲಸ ಯಾರಿಗೆ ದೊರೆಯಿತೋ ಅವನು ಹೆಗ್ಗಡೆ, ಅವನ ಮನೆಯ ಯಜಮಾನಿತಿ ಹೆಗ್ಗಡಿತಿ. ರಾಜ್ಯದ ಮಟ್ಟದಲ್ಲಿದ್ದ ಈ ಮಾತು ಮುಂದೆ ನಾಡಿಗೆ, ಊರಿಗೆ ಇಳಿದು, ಊರಿನ ಹಿರಿತನ ನಡೆಸುವ ಮನೆಗಳಿಗೂ ನಿಂತಿತು. ತಂದೆಯ ನಂತರ ಮಗ, ಮಾವನ ನಂತರ ಅಳಿಯ ಅದೇ ಕೆಲಸಕ್ಕೆ ಬಂದಾಗ ಹುದ್ದೆಯೇ ಮನೆತನದ ಹೆಸರಾಯಿತು. ರಾಜರು ಹೋದರು, ಹುದ್ದೆ ಹೋಯಿತು, ಹೆಸರು ಉಳಿಯಿತು.

ಬ್ರಿಟನ್ನಿನ ಸ್ಟುವರ್ಟರು, ಕುವೈತಿನ ಹದ್ದಾದರು

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಇಂಗ್ಲಿಷರಲ್ಲಿ ಸ್ಮಿತ್ ಎಂದರೆ ಕಮ್ಮಾರ, ಟೇಲರ್ ಎಂದರೆ ದರ್ಜಿ ಎಂದು ನಮ್ಮ ಮಕ್ಕಳಿಗೂ ಗೊತ್ತು. ನಮ್ಮ ಹೆಗ್ಡೆಗೆ ಸರಿಸಾಟಿಯಾದ ಬ್ರಿಟಿಷ್ ಹೆಸರು ಬೇಕೆಂದರೆ 'ಸ್ಟುವರ್ಟ್' ನೋಡಬೇಕು. ಇದರ ಮೂಲ 'ಸ್ಟೂವರ್ಡ್', ಅಂದರೆ ಹಳೆಯ ಇಂಗ್ಲಿಷಿನಲ್ಲಿ ಮನೆಯ ಕಾವಲುಗಾರ, ಮನೆವಾರ್ತೆ ನೋಡುವವನು. ಥೇಟ್ ನಮ್ಮ ಮನೆವೆರ್ಗಡೆ! ಹನ್ನೆರಡನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ರಾಜರ ಬಳಿ ವಾಲ್ಟರ್ ಎಂಬವನು ಈ ಹುದ್ದೆಯಲ್ಲಿದ್ದ. ಹುದ್ದೆ ವಂಶದಲ್ಲಿ ಉಳಿದು ಹೆಸರಾಯಿತು. ಅದೇ ವಂಶದ ಎರಡನೆಯ ರಾಬರ್ಟ್ 1371ರಲ್ಲಿ ಸ್ಕಾಟ್ಲೆಂಡಿನ ಅರಸನಾದ. 1603ರಲ್ಲಿ ಆ ವಂಶದವನೇ ಇಂಗ್ಲೆಂಡಿನ ಸಿಂಹಾಸನವನ್ನೂ ಏರಿದ. ಆದರೆ ಸ್ಟೂವರ್ಡರು ಅರಮನೆಯಲ್ಲಿ ಮಾತ್ರವಲ್ಲ, ಜಮೀನ್ದಾರರ ಬಳಿಯೂ ಇದ್ದರು. ಆದ್ದರಿಂದ ಇಂದು ಸ್ಟುವರ್ಟ್ ಎಂಬ ಹೆಸರಿನವರೆಲ್ಲ ರಾಜವಂಶದವರಲ್ಲ, ಪರಸ್ಪರ ದಾಯಾದಿಗಳೂ ಅಲ್ಲ. ಒಂದು ಹುದ್ದೆ, ಹಲವು ಮನೆ. ಅಷ್ಟೇ.

ನಮ್ಮ ಸುತ್ತಮುತ್ತಲಿನ ಅರಬರನ್ನೇ ನೋಡಿ. ಅಲ್ ಹದ್ದಾದ್ ಎಂದರೆ ಕಮ್ಮಾರ, ಅಲ್ ನಜ್ಜಾರ್ ಎಂದರೆ ಬಡಗಿ. ಹೆಸರು ಹಾಗಿದ್ದ ಮಾತ್ರಕ್ಕೆ ಯಾರೂ ಇಂದು ಅವರ ಬಳಿ ಬಾಗಿಲು ಮಾಡಿಸಲು ಹೋಗುವುದಿಲ್ಲವಲ್ಲ!

ಹೆಗ್ಗಡೆ, ಹೆಗಡೆ, ಹೆಗ್ಡೆ

ಇನ್ನು ಈ ಹೆಸರು ಎಲ್ಲೆಲ್ಲಿ ಹರಡಿದೆ ಎಂದು ನೋಡೋಣ. ಉತ್ತರ ಕನ್ನಡದ ಸಿರಸಿ, ಸಿದ್ದಾಪುರ, ಯಲ್ಲಾಪುರ, ಹೊನ್ನಾವರ, ಕುಮಟಾ ಕಡೆ ಹವ್ಯಕ ಬ್ರಾಹ್ಮಣರಲ್ಲಿ ಇದು ಬಹು ಸಾಮಾನ್ಯ. ಅಲ್ಲಿ ಹೆಚ್ಚಾಗಿ 'ಹೆಗಡೆ' ಎಂದೇ ಬರೆಯುತ್ತಾರೆ. ಕುಮಟಾ ತಾಲ್ಲೂಕಿನಲ್ಲಿ ಹೆಗಡೆ ಎಂಬ ಊರೂ ಇದೆ. 1983ರಿಂದ 1988ರವರೆಗೆ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರು ಸಿದ್ದಾಪುರ ತಾಲ್ಲೂಕಿನವರು. ಯಕ್ಷಗಾನದ ಕೆರೆಮನೆ ಶಿವರಾಮ ಹೆಗಡೆ, ಶಂಭು ಹೆಗಡೆ, ಚಿಟ್ಟಾಣಿ ರಾಮಚಂದ್ರ ಹೆಗಡೆ ಹೊನ್ನಾವರ ಸೀಮೆಯವರು.

ಅಲ್ಲಿಂದ ಕರಾವಳಿಯಲ್ಲೇ ತೆಂಕಣಕ್ಕೆ ಇಳಿದರೆ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಇದೇ ಹೆಸರು ಬಂಟರಲ್ಲಿ ಸಿಗುತ್ತದೆ. ಶೆಟ್ಟಿ, ರೈ, ಆಳ್ವ, ಬಲ್ಲಾಳ್ ಇತ್ಯಾದಿಗಳ ಸಾಲಿನಲ್ಲಿ 'ಹೆಗ್ಡೆ'. ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿದ್ದು, ತಮ್ಮನ್ನು ಬಿಟ್ಟು ಕಿರಿಯರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿದಾಗ 1973ರಲ್ಲಿ ರಾಜೀನಾಮೆ ಕೊಟ್ಟು, 1977ರಲ್ಲಿ ಲೋಕಸಭೆಯ ಸ್ಪೀಕರ್ ಆದ ಕೆ.ಎಸ್. ಹೆಗ್ಡೆಯವರು ಕಾರ್ಕಳ ಸೀಮೆಯ ಬಂಟರು.

ಧರ್ಮಸ್ಥಳದಲ್ಲಿ ಜೈನರು. ಅಲ್ಲಿಯ ಸ್ಥಳಪುರಾಣ ನಮಗೆಲ್ಲ ಗೊತ್ತಿರುವುದೇ. ಆಗ ಕುಡುಮ ಎನಿಸಿಕೊಂಡಿದ್ದ ಊರಿನ ನೆಲ್ಯಾಡಿ ಬೀಡಿನಲ್ಲಿದ್ದವರು ಬಿರ್ಮಣ್ಣ ಪೆರ್ಗಡೆ ಮತ್ತು ಅಮ್ಮು ಬಲ್ಲಾಳ್ತಿ. ಇಲ್ಲಿ 'ಹೆಗ್ಗಡೆ' ಎನ್ನುವುದು ಹಳೆಯ ಅರ್ಥದಲ್ಲೇ, ಅಂದರೆ ಹುದ್ದೆಯಾಗಿಯೇ ಉಳಿದಿದೆ. ಪಟ್ಟವಾದ ಮೇಲೆ ಬರುವ ಹೆಸರು ಅದು. ವೀರೇಂದ್ರ ಹೆಗ್ಗಡೆಯವರಿಗೆ 1968ರ ಅಕ್ಟೋಬರ್ 24ರಂದು ಪಟ್ಟವಾದಾಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಘಟ್ಟ ಹತ್ತಿದರೆ ಮಲೆನಾಡಿನ ಒಕ್ಕಲಿಗ ಮನೆತನಗಳಲ್ಲೂ ಹೆಗ್ಗಡೆಯವರಿದ್ದಾರೆ. 1936ರಲ್ಲಿ ಬಂದ ಕುವೆಂಪು ಅವರ ಕಾದಂಬರಿಯ ಹೆಸರೇ 'ಕಾನೂರು ಹೆಗ್ಗಡಿತಿ' ಅಲ್ಲವೇ? ಕೊಡಗಿನಲ್ಲಿ ಹೆಗ್ಗಡೆ ಎಂಬ ಹೆಸರಿನ ಒಂದು ಸಮುದಾಯವೇ ಇದೆ. ಮೈಸೂರು ಜಿಲ್ಲೆಯಲ್ಲಿ, ಕಬಿನಿ ಅಣೆಕಟ್ಟು ಇರುವ ತಾಲ್ಲೂಕು ಹೆಗ್ಗಡದೇವನಕೋಟೆ.

ಬ್ರಾಹ್ಮಣ, ಬಂಟ, ಜೈನ, ಒಕ್ಕಲಿಗ ಎಲ್ಲರಲ್ಲೂ ಒಂದೇ ಹೆಸರು! ಹುದ್ದೆ ಯಾವ ಮನೆಗೆ ಬಂತೋ ಆ ಮನೆ ಹೆಗ್ಗಡೆಯ ಮನೆ. ಹೆಸರು ಜಾತಿಯಿಂದ ಹುಟ್ಟಿದ್ದಲ್ಲ.

ಮುಂಬಯಿ ರೀತಿ, ಮದರಾಸು ರೀತಿ

ಇನ್ನೊಂದು ಸ್ವಾರಸ್ಯ ಗಮನಿಸಿ. ರಾಮಕೃಷ್ಣ ಹೆಗಡೆಯವರ ಪೂರ್ತಿ ಹೆಸರು ರಾಮಕೃಷ್ಣ ಮಹಾಬಲೇಶ್ವರ ಹೆಗಡೆ: ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು. ಕೆ.ಎಸ್. ಹೆಗ್ಡೆಯವರದು ಕೌಡೂರು ಸದಾನಂದ ಹೆಗ್ಡೆ: ಮೊದಲು ಊರು, ಆಮೇಲೆ ತನ್ನ ಹೆಸರು. ಇದರ ಹಿಂದೆ ಸ್ವಲ್ಪ ಚರಿತ್ರೆಯಿದೆ. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೆನರಾ ಒಂದೇ ಜಿಲ್ಲೆಯಾಗಿ ಕಂಪನಿಯ ಕೈಗೆ ಬಂತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. 1862ರಲ್ಲಿ ಉತ್ತರ ಭಾಗ ಮುಂಬಯಿ ಪ್ರಾಂತಕ್ಕೆ ಹೋಯಿತು, ದಕ್ಷಿಣ ಭಾಗ ಮದರಾಸಿನಲ್ಲೇ ಉಳಿಯಿತು. ಮುಂಬಯಿಯ ಕಚೇರಿಗಳಲ್ಲಿ ತಂದೆಯ ಹೆಸರು ನಡುವೆ ಬರೆಯುವ ರೂಢಿ, ಮದರಾಸಿನ ಕಚೇರಿಗಳಲ್ಲಿ ಮೊದಲೇ ಇನಿಷಿಯಲ್ ಹಾಕುವ ರೂಢಿ. 1956ರ ನವೆಂಬರ್ 1ರಂದು ಎರಡೂ ಜಿಲ್ಲೆಗಳು ಮತ್ತೆ ಒಂದೇ ರಾಜ್ಯಕ್ಕೆ ಸೇರಿದವು. ಹೆಸರು ಬರೆಯುವ ರೀತಿ ಮಾತ್ರ ಬೇರೆ ಬೇರೆಯಾಗಿಯೇ ಉಳಿಯಿತು.

ತಂದೆ ಹೆಗ್ಡೆ, ಅಜ್ಜ ಶೆಟ್ಟಿ

ನನ್ನ ಸ್ವಂತ ಕಥೆ ಇನ್ನೂ ತಮಾಷೆಯದು. ಇಲ್ಲಿಯ ಅರ್ಜಿಗಳಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಜ್ಜನ ಹೆಸರು, ಕೊನೆಗೆ ಮನೆತನದ ಹೆಸರು ಎಂದು ನಾಲ್ಕು ಮನೆ ತುಂಬಬೇಕಾಗುವುದು ನಿಮಗೆಲ್ಲ ಅನುಭವವಿದೆ. ಒಮ್ಮೆ ಒಂದು ಕಚೇರಿಯಲ್ಲಿ ನನ್ನ ಹಳೆಯ ಕಾಗದಪತ್ರ ನೋಡಿದ ಗುಮಾಸ್ತರು, "ತಂದೆ ಹೆಗ್ಡೆ, ತಂದೆಯ ತಂದೆ ಶೆಟ್ಟಿ. ಇದು ಹೇಗೆ ಸಾಧ್ಯ? ಯಾವುದು ತಪ್ಪು?" ಎಂದು ಹುಬ್ಬು ಗಂಟಿಕ್ಕಿದರು. ಎರಡೂ ಸರಿ ಎಂದು ಅವರಿಗೆ ತಿಳಿಸಿ ಹೇಳಲು ಮೂರು ದಿನ ಓಡಾಡಬೇಕಾಯಿತು.

ನಮ್ಮಲ್ಲಿ ಹಿಂದೆ ಅಳಿಯಸಂತಾನ ಕಟ್ಟು ಇತ್ತು. ಆಸ್ತಿ ತಾಯಿಯ ಕಡೆಯಿಂದ ಹರಿಯುತ್ತಿತ್ತು. ಮಾವನ ನಂತರ ಯಜಮಾನಿಕೆ ತಂಗಿಯ ಮಗನಿಗೆ. ನನ್ನ ತಂದೆ ಹುಟ್ಟಿ ಬೆಳೆದದ್ದು ಅವರ ತಾಯಿಯ ಮನೆಯಲ್ಲಿ, ಅದು ಹೆಗ್ಡೆಗಳ ಮನೆ. ಅವರಿಗೆ ಹೆಸರು ಬಂದದ್ದು ಸೋದರಮಾವನಿಂದ. 1949ರ ಮದರಾಸು ಅಳಿಯಸಂತಾನ ಕಾಯಿದೆ, ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಹಳೆಯ ಕಟ್ಟು ಸಡಿಲವಾಯಿತು. ನನಗೆ ನನ್ನ ತಂದೆಯ ಹೆಸರೇ ಬಂತು. ಆದರೆ ಇಂದಿಗೂ 'ಬಳಿ' ಮಾತ್ರ ತಾಯಿಯದೇ. ಸಂಬಂಧ ಕೂಡಿಸುವಾಗ ನೋಡುವುದು ಬಳಿಯನ್ನು, ಅಡ್ಡಹೆಸರನ್ನಲ್ಲ. ಬಳಿ ಬೇರೆಯಿದ್ದರೆ ಹೆಗ್ಡೆ ಹೆಗ್ಡೆಯನ್ನೇ ಮದುವೆಯಾಗಬಹುದು. ಹವ್ಯಕರಲ್ಲಿ ಹಾಗೆಯೇ ಗೋತ್ರ ನೋಡುತ್ತಾರೆ. ಅಂದಮೇಲೆ ಈ ಹೆಸರು ಜಾತಿಯನ್ನೂ ಹೇಳುವುದಿಲ್ಲ, ರಕ್ತಸಂಬಂಧವನ್ನೂ ಪೂರ್ತಿ ಹೇಳುವುದಿಲ್ಲ. ಎಂದೋ ಯಾರೋ ಮಾಡುತ್ತಿದ್ದ ಒಂದು ಕೆಲಸದ ನೆನಪು ಮಾತ್ರ ಅದರಲ್ಲಿದೆ.

ಈ ಮಾತು ಹೆಗ್ಡೆಗಳಿಗೆ ಮಾತ್ರ ಸಲ್ಲುವುದಲ್ಲ. ಗೌಡ ಎಂಬುದು ಶಾಸನಗಳ 'ಗಾವುಂಡ', ಊರಿನ ಮುಖ್ಯಸ್ಥ. ಶಾನುಭೋಗ, ಶಾನಭಾಗ ಎಂಬವು 'ಸೇನಬೋವ', ಲೆಕ್ಕ ಬರೆಯುವವನು. ಪಾಟೀಲ ಎಂಬುದು 'ಪಟ್ಟಕಿಲ', ಅವನೂ ಊರಿನ ಮುಖ್ಯಸ್ಥನೇ. ಕುಲಕರ್ಣಿ ಊರ ಲೆಕ್ಕಿಗ. ನಮ್ಮ ಸಂಘದ ಸದಸ್ಯರ ಪಟ್ಟಿ ತೆರೆದರೆ ಹಳೆಯ ಕನ್ನಡ ರಾಜ್ಯವೊಂದರ ಇಡೀ ಕಚೇರಿಯೇ ಸಾಲ್ಮಿಯಾ, ಅಬ್ಬಾಸಿಯಾ, ಫಾಹಾಹೀಲ್‌ಗಳಲ್ಲಿ ಹರಡಿಕೊಂಡಿದೆ ಎನ್ನಬಹುದು!

ಹಾಗೆಂದು ಹಳೆಯದನ್ನೆಲ್ಲ ಹೊಗಳಬೇಕಾಗಿಲ್ಲ. ಹೆಗ್ಗಡೆ ಊರನ್ನು ನೋಡಿಕೊಂಡಂತೆ ತೆರಿಗೆಯನ್ನೂ ವಸೂಲು ಮಾಡಿದ್ದಾನೆ. ಆ ಅಧಿಕಾರದ ಭಾರ ಹೊತ್ತವರು ಗದ್ದೆಯಲ್ಲಿ ದುಡಿದವರು. ಅವರ ಹೆಸರಿನ ಮುಂದೆ ಯಾವ ಬಿರುದೂ ಉಳಿಯಲಿಲ್ಲ. ಹೆಸರಿನ ಹೆಮ್ಮೆ ಪಡುವಾಗ ಇದೂ ನೆನಪಿರಲಿ.

ಕೊನೆಯಲ್ಲಿ ಎರಡು ಮಾತು. ಮೊದಲನೆಯದು ವ್ಯವಹಾರದ ಮಾತು. ಅರಬ್ಬಿ ಲಿಪಿಯಲ್ಲಿ ನಮ್ಮ ಗಕಾರಕ್ಕೆ ನೇರವಾದ ಅಕ್ಷರವಿಲ್ಲ. ಒಬ್ಬರು ಜೀಮ್ ಹಾಕುತ್ತಾರೆ, ಇನ್ನೊಬ್ಬರು ಘೈನ್ ಹಾಕುತ್ತಾರೆ. ಪಾಸ್‌ಪೋರ್ಟ್, ಸಿವಿಲ್ ಐ.ಡಿ., ಮಕ್ಕಳ ಶಾಲೆಯ ಸರ್ಟಿಫಿಕೇಟ್ ಎಲ್ಲದರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಇಂದೇ ನೋಡಿಕೊಳ್ಳಿ. ಒಂದು ಅಕ್ಷರ ಹಿಂದುಮುಂದಾದರೆ ಏನಾಗುತ್ತದೆ ಎಂಬುದನ್ನು ಅಮ್ಮಾನಿನಲ್ಲಿ ಕಂಡವನ ಮಾತಿದು.

ಎರಡನೆಯದು ಮನೆಯ ಮಾತು. ಊರಿನಲ್ಲಿ ಹಿರಿಯರು ಇರುವಾಗಲೇ ಅವರ ಬಳಿ ಕೂತು ನಿಮ್ಮ ಮನೆತನದ ಹೆಸರು, ಮೂಲದ ಊರು, ಅಜ್ಜಿಯ ತವರುಮನೆ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಫೋನಿನಲ್ಲಾದರೂ ಕೇಳಿ. ಇಲ್ಲಿ ಬೆಳೆಯುವ ಮಕ್ಕಳಿಗೆ ಈ ಹೆಸರು ಅರ್ಥವಿಲ್ಲದ ಬಾಲವಾಗಬಾರದು, ಇನ್ನೊಬ್ಬರ ಜಾತಿ ಅಳೆಯುವ ಕೋಲೂ ಆಗಬಾರದು.

ಆ ಹುಡುಗನಿಗೆ ಈಗ ಉತ್ತರ ಹೇಳಬಲ್ಲೆ. ಮಗಾ, ಹೆಗ್ಡೆ ಎಂದರೆ ಒಂದು ಕೆಲಸ. ನಾಲ್ಕು ಜನರ ಜವಾಬ್ದಾರಿ ಹೊರುವ ಕೆಲಸ. ಅಮ್ಮಾನಿನಲ್ಲಿ ಮುಖಪರಿಚಯವೂ ಇಲ್ಲದ ನನಗೆ "ನೀವು ಹೊರಡಿ, ನಾನು ನಾಳೆ ಬರುತ್ತೇನೆ" ಎಂದ ಸಿರಸಿಯವರು ಆ ಕೆಲಸ ಮಾಡಿದರು. ಇನ್ನೊಮ್ಮೆ ಯಾರಾದರೂ ಯಾವ ಹೆಗ್ಡೆ ಎಂದು ಕೇಳಿದರೆ ತಲೆ ತಗ್ಗಿಸಬೇಡ. ನೀನು ಕೊಟ್ಟ ಉತ್ತರವೇ ಸರಿಯಾಗಿತ್ತು. ಇರುವ ಊರಿನ ಹೆಸರಿನಿಂದ ಗುರುತಿಸಿಕೊಂಡೆ. ಕೌಡೂರಿನ ಸದಾನಂದ ಹೆಗ್ಡೆಯವರು ಮಾಡಿದ್ದೂ ಅದನ್ನೇ!